ಅಂಗಡಿ ಮುಚ್ಚುವುದಕ್ಕೊಂದು ಜಪಾನಿ ಮಾತು

"ಅಂಗಡಿ ಮುಚ್ಚಾಕತ್ತೇವಿ ಅಂತ ಹೇಳು ಅವರಿಗಿ," ಅಂದರು ಅಪ್ಪ.

ನವಿ ಪೇಠದ ನಮ್ಮ ಚಾದರದ ಅಂಗಡಿಯಲ್ಲಿ ಆ ಮಾತನ್ನು ಯಾರೂ ಆಡುವಂತಿಲ್ಲ. ಸಂಜೆ ಶಟರ್ ಎಳೆಯುವಾಗಲೂ 'ಅಂಗಡಿ ದೊಡ್ಡದು ಮಾಡು' ಎನ್ನಬೇಕು. ಮುಚ್ಚು ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಸಣ್ಣವಳಿದ್ದಾಗ ಬಾಯಿತಪ್ಪಿ ಅಂದಿದ್ದಕ್ಕೆ ಇದೇ ಅಪ್ಪನಿಂದ ಏಟು ತಿಂದಿದ್ದೆ. ಈಗ ಗಾದಿಯ ಮೇಲೆ ಕೂತು ತಾವೇ ಅಂದುಬಿಟ್ಟರಲ್ಲ!

ಮೊಬೈಲಿನ ಪರದೆಯಲ್ಲಿ ಒಸಾಕಾದ ಹೆಂಗಸು ಕಾಯುತ್ತಿದ್ದರು. ವರ್ಷಗಳಿಂದ ನಮ್ಮ ಚಾದರ ಕೊಳ್ಳುವವರು. ಅವರೊಡನೆ ವ್ಯವಹಾರ ಮಾಡಲೆಂದೇ, ಈ ಅಂಗಡಿಗಾಗಿಯೇ, ನಾನು ಜಪಾನಿ ಕಲಿತದ್ದು. ಇಂಗ್ಲಿಷಿನಲ್ಲಾದರೆ 'ಕ್ಲೋಸ್' ಅಂದರೆ ಮುಗಿಯಿತು. ಅವರಲ್ಲಿ ಕಣ್ಣು, ಪುಸ್ತಕ ಮುಚ್ಚುವುದಕ್ಕೆ 'ತೊಜಿರು'. ಬಾಗಿಲಿಗೆ 'ಶಿಮೆರು', ಸಂಜೆ ಅಂಗಡಿಯ ಬಾಗಿಲು ಹಾಕುವುದಕ್ಕೂ ಅದೇ ನಡೆಯುತ್ತದೆ. ಕಾಯಂ ಆಗಿ ಮುಚ್ಚುವುದಕ್ಕೆ 'ತತಾಮು', ಅಂದರೆ ಮಡಚಿಡುವುದು.

"ಇವತ್ತಿಗಷ್ಟ ಏನ್ರಿ ಅಪ್ಪಾ?" ಅಂದೆ, ಹೌದು ಅನ್ನಲಿ ದೇವರೇ ಅಂದುಕೊಳ್ಳುತ್ತ.

"ಕಾಯಂ. ಮಿಲ್ಲಿನ ಸಸ್ತಾ ಮಾಲಿನ ಮುಂದ ನಮ್ಮದು ನಡ್ಯಂಗಿಲ್ಲ. ನನಗೂ ಸಾಕಾಗೇದ. ನಿಮ್ಮವ್ವ ಅಕ್ಕಲಕೋಟದಿಂದ ಬರೂದ್ರಾಗ ಹೇಳಿ ಮುಗಸು. ಆಕಿ ಮುಂದ ನನಗ ಧೈರ್ಯ ಸಾಲಂಗಿಲ್ಲ."

"ಅಂದ್ರ ಅವ್ವಗೂ ಗೊತ್ತಿಲ್ಲಾ?"

ಅಪ್ಪ ತಲೆ ತಗ್ಗಿಸಿದರು. ಅಯ್ಯೋ, ಇದೆಂಥ ನ್ಯಾಯ! ಹೆಂಡತಿಗಿಲ್ಲ, ಮಗಳಿಗಿಲ್ಲ, ಮೊದಲು ಒಸಾಕಾಕ್ಕೆ ಸುದ್ದಿ! ಸಿಟ್ಟು ನೆತ್ತಿಗೇರಿತು. ಜಗಳಕ್ಕೆ ನಿಲ್ಲಬೇಕೆಂದು ಬಾಯಿ ತೆರೆದೆ. ಆದರೆ ಅಪ್ಪ ಆಗಲೇ ಮುಂದಿದ್ದ ಚಾದರವನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ್ದರು.

"ತತಾಮಿಮಸು," ಅಂದೆ ಪರದೆಗೆ. ಮಡಚಿಡುತ್ತೇವೆ ಅಂತ.

ಆಕೆ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನೆಟ್ಟಗೆ ಕೂತು, ಕೂದಲಷ್ಟೇ ಕಾಣುವ ಹಾಗೆ ಬಾಗಿ ಏನೋ ಅಂದರು. ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು.

"ಏನಂತಾರ? ಬಾಕಿ ಮಾಲು ಕೇಳಾಕತ್ತಾರೇನು?"

"ಇಲ್ರಿ. ಇಷ್ಟು ವರ್ಷ ಭಾಳ ದುಡದು ದಣದೀರಿ ಅಂದ್ರು."

ಅಪ್ಪ ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಅವ್ವನಾಗಲಿ ನಾನಾಗಲಿ ಒಮ್ಮೆಯೂ ಅವರಿಗೆ ಹಾಗೆ ಅಂದಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅವರ ಕಣ್ಣಿಂದ ನೀರಿಳಿಯಿತು.

"ಏನಂದ್ರು? ಇನ್ನೊಮ್ಮಿ ಹೇಳವಾ," ಅಂದರು.