ಮ್ಯಾಪಕ್ಕ ಬಿಟ್ಟ ಬೀದಿ

ಊರಿಗೆ ಹೊಸದಾಗಿ ಬಂದಿಳಿದವರು ಲಾಡ್ಜಿನ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಎರಡೇ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ಊಟಕ್ಕೆ ಎಲ್ಲಿಗೆ ಹೋಗುವುದು? ಮೊದಲನೆಯದಕ್ಕೆ ರೈಲ್ವೆ ಸ್ಟೇಷನ್ ಎದುರಿನ ಈ ಲಾಡ್ಜಿನಲ್ಲಿ ನಿಜ ಹೇಳಿದವರು ಯಾರೂ ಇಲ್ಲ. ಎರಡನೆಯದಕ್ಕೆ ಮಾತ್ರ ಮ್ಯಾಪಕ್ಕ ಇದುವರೆಗೆ ಒಂದೇ ಒಂದು ಸುಳ್ಳೂ ಹೇಳಿದವಳಲ್ಲ.

ಮ್ಯಾಪಕ್ಕ ಎಂದರೆ ಆ ಕೌಂಟರಿನ ಹಿಂದೆ ಕೂರುವ ಹೆಂಗಸು. ವಯಸ್ಸು ನಲವತ್ತೆಂಟು, ಒಂಟಿ ಜೀವ, ಕೋಪ ಮೂಗಿನ ತುದಿಯಲ್ಲೇ. ಅವಳ ನಿಜವಾದ ಹೆಸರು ಕೋಣೆ ಗುಡಿಸುವವಳಿಗೂ ಗೊತ್ತಿಲ್ಲ, ಒಗೆದ ಹಾಸಿಗೆ ಬಟ್ಟೆ ತರುವವನಿಗೂ ಗೊತ್ತಿಲ್ಲ. ಒಂದು ಹಾಳೆಯ ಮೇಲೆ ಕೈಯಲ್ಲೇ ಊರಿನ ನಕ್ಷೆ ಬರೆದು, ಎಲ್ಲಿ ಏನು ತಿನ್ನಬೇಕೆಂದು ಗುರುತು ಹಾಕಿ, ಜೆರಾಕ್ಸ್ ಮಾಡಿಸಿ ಬಂದವರ ಕೈಗೆ ಕೊಡುತ್ತಿದ್ದಳು. ಹಾಗಾಗಿ ಆ ಹೆಸರು ಬಿತ್ತು. ಬಿದ್ದ ಹೆಸರನ್ನು ಅವಳೂ ಎತ್ತಿಕೊಂಡಳು.

ಹಾಳೆ ಕೊಟ್ಟು ಸುಮ್ಮನಿರುವ ಜಾಯಮಾನವಂತೂ ಅವಳದಲ್ಲ. “ಬಸ್ ಡಿಪೋ ಹಿಂದೆ ಸೂಪಿನ ಅಜ್ಜಿ ಇದ್ದಾಳೆ. ಏಳು ಗಂಟೆ ಒಳಗೆ ಹೋಗಿ, ತಡವಾದ್ರೆ ನೀರು ಬೆರೆಸ್ತಾಳೆ, ನಾನೇ ಹೇಳಿದ್ದೀನಿ ಅಂತ ಬೇಕಾದ್ರೆ ಹೇಳಿ. ಥಿಯೇಟರ್ ಪಕ್ಕದ ಹೋಟೆಲಲ್ಲಿ ಹುರಿದ ಮೀನು ತಿನ್ನಿ, ಆದ್ರೆ ಅಲ್ಲಿ ಸಿಹಿ ಮಾತ್ರ ಮುಟ್ಟಬೇಡಿ. ಸಿಹಿ ಬೇಕಾ? ಸೇತುವೆ ದಾಟಿ. ಐಸ್‌ಕ್ರೀಮಿನೋನು ಶುದ್ಧ ಜಗಳಗಂಟ, ಆದ್ರೆ ಕೈ ಬಂಗಾರ. ಎರಡು ಬಗೆ ಬೆರೆಸಿ ಕೊಡು ಅಂದ್ರೆ ಬೈತಾನೆ. ಬೈಸ್ಕೊಳ್ಳಿ, ನಿಮ್ಮ ಗಂಟೇನೂ ಹೋಗಲ್ಲ. ಮೂಲೆ ಬೇಕರಿಯಲ್ಲಿ ಸೇಬಿನ ಪೈ ನಾಲ್ಕು ಗಂಟೆಗೆ ಓವನ್ನಿಂದ ಇಳಿಯತ್ತೆ. ನಾಲ್ಕೂಕಾಲಿಗೆ ಹೋದ್ರೆ ತಟ್ಟೆ ನೆಕ್ಕಬೇಕಾಗತ್ತೆ ಅಷ್ಟೆ.” ಹೋದವರು ಹೊಟ್ಟೆ ಸವರಿಕೊಂಡು ವಾಪಸಾಗುತ್ತಿದ್ದರು. ಸುತ್ತಲ ಏಳೆಂಟು ಲಾಡ್ಜಿನವರು ನಾಚಿಕೆಯಿಲ್ಲದೆ ಅದೇ ಹಾಳೆಯನ್ನು ಕಾಪಿ ಹೊಡೆದು ತಮ್ಮ ಕೌಂಟರಿನಲ್ಲೂ ಇಟ್ಟುಕೊಂಡಿದ್ದರು. ಬಾಡಿಗೆ ಕಾರಿನವರ ಡ್ಯಾಶ್‌ಬೋರ್ಡಿನಲ್ಲೂ ಅದೇ. ಮ್ಯಾಪಕ್ಕ ಬೇಡ ಎನ್ನಲಿಲ್ಲ. ಎಷ್ಟು ಹರಡಿದರೆ ಅಷ್ಟು ಒಳ್ಳೆಯದು ಎಂಬುದು ಅವಳ ಲೆಕ್ಕ.

ಯಾಕೆಂದರೆ ಆ ನಕ್ಷೆಯಲ್ಲಿ ಒಂದು ಬೀದಿ ಇರಲಿಲ್ಲ. ಗಡಿಯಾರದ ಗೋಪುರ ದಾಟಿದರೆ ನೇರ ತರಕಾರಿ ಮಾರ್ಕೆಟ್ಟು. ನಡುವೆ ಎಡಕ್ಕೆ ತಿರುಗುವ ಬೀದಿಯನ್ನು ಅವಳ ಪೆನ್ನು ಸದ್ದಿಲ್ಲದೆ ನುಂಗಿಬಿಟ್ಟಿತ್ತು. ಆ ಬೀದಿಯಲ್ಲಿ ಅವಳ ಸ್ವಂತ ಅಣ್ಣನ ಹೋಟೆಲಿತ್ತು.

ಹೋಟೆಲು ಶುರುವಾದಾಗ ಅಣ್ಣ ತಂಗಿ ಇಬ್ಬರೇ. ಅಣ್ಣ ಮುಂದೆ ನಿಂತು ಬಂದವರನ್ನು ನಗಿಸುವವನು, ತಂಗಿ ಹಿಂದೆ ನಿಂತು ಬೇಯುವವಳು. ಊಟ ಸುಮಾರು, ಅದನ್ನು ಅವಳೇ ಒಪ್ಪುತ್ತಿದ್ದಳು. ಜನ ಬರುತ್ತಿದ್ದುದು ಕ್ಯಾರಮೆಲ್ ಪುಡಿಂಗಿಗೆ. ತಟ್ಟೆಗೆ ಬೋರಲು ಹಾಕಿದರೆ ಒಂದು ಸಲ ನಡುಗಿ ನಿಲ್ಲುತ್ತಿತ್ತು, ಬ್ಲೇಡಿನಲ್ಲಿ ಕೊಯ್ದರೂ ಒಳಗೆ ಒಂದು ತೂತೂ ಕಾಣುತ್ತಿರಲಿಲ್ಲ. ಅದರ ಗುಟ್ಟು ಒಂದು ಹಳೆ ಬಟ್ಟೆ. ಓವನ್ನಿನೊಳಗೆ ಅಚ್ಚುಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಾರಲ್ಲ, ಆ ನೀರಿನ ತಳಕ್ಕೆ ಅವಳು ನಾಲ್ಕು ಮಡಿಕೆಯ ಹತ್ತಿ ಬಟ್ಟೆ ಹಾಸುತ್ತಿದ್ದಳು. ಕಬ್ಬಿಣದ ಕಾವು ನೇರ ತಾಗದೆ ಹಾಲು ಮೊಟ್ಟೆ ಕುದಿಯದೆ ಗಟ್ಟಿಯಾಗುತ್ತಿತ್ತು. ನೀರಿನಡಿಯ ಬಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ. ಅವಳೂ ಹೇಳಲಿಲ್ಲ. ಕೇಳಿದವರಾದರೂ ಯಾರು?

ಒಂದು ದಿನ ಪತ್ರಿಕೆಯವರು ಬಂದರು. ಮರುದಿನ ಚಿತ್ರ ಬಂತು: ಅಂಗೈ ಮೇಲೆ ಪುಡಿಂಗಿನ ತಟ್ಟೆ ಹಿಡಿದು ನಗುತ್ತಿರುವ ಅತ್ತಿಗೆ. ಕೆಳಗೆ, ‘ಈ ಮನೆಯೊಡತಿಯ ಕೈರುಚಿ’. ಮನೆಯೊಡತಿ ಅದುವರೆಗೆ ಒಂದು ಮೊಟ್ಟೆಯನ್ನೂ ಒಡೆದವಳಲ್ಲ. ಅಣ್ಣ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಬಾಗಿಲೆದುರು ತೂಗುಹಾಕಿದ.

“ಅಣ್ಣ, ನನ್ನ ಹೆಸರು?”

“ಒಂದೇ ಮನೆ, ಒಂದೇ ಒಲೆ. ಯಾರ ಹೆಸರಾದ್ರೇನಮ್ಮ?”

“ಯಾರದಾದ್ರೂ ಆಗೋದಾದ್ರೆ ನನ್ನದೇ ಹೇಳಬಹುದಿತ್ತಲ್ಲ?”

“ಅವಳು ಈ ಮನೇಲೇ ಇರೋಳು. ನೀನು ಇವತ್ತಲ್ಲ ನಾಳೆ ಇನ್ನೊಂದು ಮನೆ ಸೇರೋಳು.”

ಮೂವತ್ತೊಂಬತ್ತು ತುಂಬಿದ ಹೆಂಗಸಿಗೆ ಹೇಳಿದ ಮಾತಿದು! ಅತ್ತಿಗೆ ಉಗುರು ನೋಡಿಕೊಳ್ಳುತ್ತ, “ಫೋಟೋದವರು ನಗಿ ಅಂದ್ರು, ನಾನು ನಕ್ಕೆ. ಇದಕ್ಕೆಲ್ಲ ರಂಪ ಯಾಕೆ?” ಎಂದಳು.

ತಂಗಿ ಏಪ್ರನ್ ಬಿಚ್ಚಿ ಒಲೆಯ ಮುಂದೆ ಎಸೆದಳು. “ಈ ಪುಡಿಂಗ್ ನನ್ನ ತಂಗೀದು ಅಂತ ನಿನ್ನ ಬಾಯಿಂದ ಬರೋ ತನಕ ನಾನು ಈ ಹೊಸ್ತಿಲು ತುಳಿಯಲ್ಲ. ಬೇರೆಯವರೂ ತುಳಿಯದ ಹಾಗೆ ನೋಡ್ಕೋತೀನಿ” ಎಂದು ಹೊರಟು ಬಂದಳು. ಸಿಟ್ಟಿನಲ್ಲಿ ಆಡಿದ ಮಾತು ಸಾಮಾನ್ಯವಾಗಿ ಸಂಜೆಗೆ ಆರುತ್ತದೆ. ಇವಳದು ಒಂಬತ್ತು ವರ್ಷವಾದರೂ ಆರಲಿಲ್ಲ.

ಲಾಡ್ಜಿನ ಕೌಂಟರು ಸೇರಿ ನಕ್ಷೆ ಬರೆದಾಗ ಆ ಬೀದಿಯನ್ನು ಬಿಟ್ಟಿದ್ದು ಅವಳ ಮೊದಲ ಕೆಲಸ. ಅಷ್ಟಕ್ಕೆ ಬಿಡಲಿಲ್ಲ. ತಿಂಗಳಿಗೊಮ್ಮೆ ರಜೆ ಹಾಕಿ, ಆ ಬೀದಿಯ ಎದುರು ಬದಿಯಲ್ಲಿ ನಿಧಾನವಾಗಿ ನಡೆದುಹೋಗಿ, ಗಾಜಿನಾಚೆಯ ಖಾಲಿ ಕುರ್ಚಿ ನೋಡಿ ಬರುತ್ತಿದ್ದಳು. ಅಂದು ರಾತ್ರಿಯ ಊಟ ಅವಳಿಗೆ ಎರಡು ತುತ್ತು ಹೆಚ್ಚಿಗೆ ಸೇರುತ್ತಿತ್ತು. ಮೊಟ್ಟೆ ಸರಬರಾಜಿನವನು ಅಲ್ಲಿಗೂ ಹಾಕುತ್ತಿದ್ದ, ಲಾಡ್ಜಿಗೂ ಹಾಕುತ್ತಿದ್ದ. ಅವನಿಗೊಂದು ಲೋಟ ಕಾಫಿ ಕೊಟ್ಟರೆ ಸಾಕು, ಸುದ್ದಿ ತಾನೇ ಬರುತ್ತಿತ್ತು.

“ನಿಮ್ಮತ್ತಿಗೆ ಪುಡಿಂಗು ಈಗ ಜೇನುಗೂಡು ಕಣಕ್ಕ, ಬರೀ ತೂತು. ಭಾನುವಾರ ಅಂಗಡಿ ಮುಚ್ತಾರಲ್ಲ, ಸೋಮವಾರ ಶನಿವಾರದ್ದನ್ನೇ ಇಡ್ತಾರೆ. ಆದ್ರೂ ಹಳೇ ಗಿರಾಕಿಗಳು ಒಂದಷ್ಟು ಜನ ಬರ್ತಾರೆ, ನಡೀತಿದೆ ಹೆಂಗೋ.”

ಹೆಂಗೋ ನಡೆಯುತ್ತಿದೆ! ಆ ಒಂದು ಮಾತು ಅವಳನ್ನು ಚುಚ್ಚುತ್ತಿತ್ತು. ಒಂಬತ್ತು ವರ್ಷ ಕಾದಿದ್ದು ಹೆಂಗೋ ನಡೆಯಲಿ ಎಂದೇ?

ಹೀಗಿರುವಾಗ ಲಾಡ್ಜಿಗೆ ಒಬ್ಬ ದಪ್ಪನೆಯ ಮನುಷ್ಯ ಬಂದ. ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸ್ವಂತ ಚಮಚ. ದೊಡ್ಡ ವಾರಪತ್ರಿಕೆಯೊಂದರಲ್ಲಿ ಊರೂರಿನ ಹೋಟೆಲುಗಳ ಬಗ್ಗೆ, ಅದರಲ್ಲೂ ಸಿಹಿ ತಿನಿಸುಗಳ ಬಗ್ಗೆ ಬರೆಯುವವನಂತೆ. ಅವನು ಹೊಗಳಿದರೆ ಬಾಗಿಲಲ್ಲಿ ಸಾಲು ನಿಲ್ಲುತ್ತದೆ, ತೆಗಳಿದರೆ ಬಾಗಿಲೇ ಮುಚ್ಚುತ್ತದೆ ಎಂದು ಲಾಡ್ಜಿನ ಮಾಲೀಕ ಕಿವಿಯಲ್ಲಿ ಹೇಳಿದ. ಮ್ಯಾಪಕ್ಕ ಅವನಿಗೆ ಮನಸ್ಸಿನಲ್ಲೇ ಚಮಚದ ಸಾಹೇಬ ಎಂದು ಹೆಸರಿಟ್ಟಳು.

ಸಾಹೇಬ ಮೊದಲ ದಿನವೇ ತನ್ನ ಕಟ್ಟಳೆ ಹೇಳಿದ. “ನೋಡಿ, ನನಗೆ ಎರಡು ನಿಯಮ. ಅಂಗಡಿಯವರ ನೆಂಟರು ಇಷ್ಟರು ಕಳಿಸಿದ ಕಡೆ ಬಗ್ಗೆ ಒಂದಕ್ಷರ ಬರೆಯಲ್ಲ, ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಆಮೇಲೆ, ತಿನಿಸು ಮಾಡಿದವರ ಹೆಸರು ಹಾಕದೆ ಬರೆಯಲ್ಲ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಮಾಡಿದ ಕೈಗೇ ಸೇರಬೇಕು.”

“ನ್ಯಾಯವಾದ ಮಾತು ಸಾರ್” ಎಂದಳು ಮ್ಯಾಪಕ್ಕ. ಮಾಡಿದ ಕೈಗೇ ಸೇರಬೇಕು ಎಂಬ ಮಾತು ಕೇಳಿ ಅವಳ ಮೈ ಬೆಚ್ಚಗಾಯಿತು. ಈಗ ಮಾಡುವ ಕೈ ಅತ್ತಿಗೆಯದು. ಜೇನುಗೂಡಿನ ಕೆಳಗೆ ಅತ್ತಿಗೆಯ ಹೆಸರು ಬಂದರೆ! ಆ ಚಿತ್ರದ ಕಟ್ಟಿನ ಪಕ್ಕದಲ್ಲೇ ಅದನ್ನೂ ತೂಗುಹಾಕಿಕೊಳ್ಳಲಿ.

ಎರಡು ದಿನ ಅವಳು ಅವನನ್ನು ತನ್ನ ನಕ್ಷೆಯ ಉದ್ದಗಲಕ್ಕೂ ಓಡಾಡಿಸಿದಳು. ಸೂಪಿನ ಅಜ್ಜಿ, ಐಸ್‌ಕ್ರೀಮಿನ ಜಗಳಗಂಟ, ನಾಲ್ಕು ಗಂಟೆಯ ಪೈ, ಒಂದೂ ಸುಳ್ಳಾಗಲಿಲ್ಲ. ಸಾಹೇಬ ಐಸ್‌ಕ್ರೀಮಿನವನ ಹತ್ತಿರ ಎರಡು ಬಗೆ ಬೆರೆಸಲು ಹೇಳಿ ಬೈಸಿಕೊಂಡು, ಅದನ್ನೂ ಸಂತೋಷದಿಂದ ಬರೆದುಕೊಂಡ. ಮೀನಿಗೆ ಗಾಳ ಹಾಕುವವಳು ಎರೆಹುಳು ಲೆಕ್ಕ ಹಾಕಬಾರದು ನೋಡಿ.

ಮೂರನೆಯ ದಿನ ಸೋಮವಾರ.

“ನಾಳೆ ಬೆಳಿಗ್ಗೆ ಹೊರಡ್ತೀನಿ” ಎಂದ ಸಾಹೇಬ. “ನಿಮ್ಮ ಹಾಳೇಲಿ ಇಲ್ಲದ ಜಾಗ ಯಾವುದಾದ್ರೂ ಇದ್ಯಾ?”

ಮ್ಯಾಪಕ್ಕ ಪೆನ್ನು ತೆಗೆದಳು. ಗಡಿಯಾರದ ಗೋಪುರದ ಪಕ್ಕ ಎಡಕ್ಕೊಂದು ಗೆರೆ ಎಳೆದಳು. “ಇಲ್ಲಿ ಕ್ಯಾರಮೆಲ್ ಪುಡಿಂಗ್ ಹೆಸರುವಾಸಿ ಅಂತ ಹೇಳ್ತಾರೆ. ಮಧ್ಯಾಹ್ನವೇ ಹೋಗಿ ಸಾರ್, ಸಂಜೆಗೆ ಉಳಿಯುತ್ತೋ ಇಲ್ವೋ.”

“ಇಲ್ಲಿ ನಿಮಗೆ ಯಾರೂ ಬೇಕಾದವರಿಲ್ಲ ತಾನೇ?”

“ಬೇಕಾದವರು ಒಬ್ಬರೂ ಇಲ್ಲ” ಎಂದಳು. ಇದಂತೂ ಸತ್ಯಕ್ಕೆ ಸತ್ಯ.

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆರನೇ ನಂಬರಿನವರಿಗೆ ಒಂಬತ್ತರ ಕೀಲಿ ಕೊಟ್ಟಳು, ಒಂಬತ್ತರವರು ಬಂದು ಕೂಗಾಡಿದರೆ ಅವರಿಗೇ ತಿರುಗಿ ಗದರಿದಳು. ಮನಸ್ಸೆಲ್ಲ ಆ ಹೋಟೆಲಿನಲ್ಲಿತ್ತು. ಈಗ ಚಮಚ ಇಟ್ಟಿರುತ್ತಾನೆ. ಈಗ ಮುಖ ಹಿಂಡಿರುತ್ತಾನೆ. ಅತ್ತಿಗೆ ಈಗ ನಗಲಿ ನೋಡೋಣ!

ಮೂರೂವರೆಗೆ ಸಾಹೇಬ ವಾಪಸಾದ. ಕೌಂಟರಿನ ಮುಂದಿನ ಬೆಂಚಿನ ಮೇಲೆ ದೊಪ್ಪನೆ ಕೂತು, “ಮೊದಲ ಸಲ ನಿಮ್ಮ ಮಾತು ಕೈಕೊಡ್ತು ಮ್ಯಾಪಕ್ಕ” ಎಂದ.

“ಅಯ್ಯೋ, ಏನಾಯ್ತು ಸಾರ್?”

ಅವನು ಪುಸ್ತಕ ಬಿಚ್ಚಿ ಓದಿದ. ಮೈತುಂಬ ತೂತು, ಒತ್ತಿದರೆ ಸ್ಪಂಜಿನ ಹಾಗೆ ನೀರು ಬಿಡುತ್ತದೆ, ಸಕ್ಕರೆ ಸುಟ್ಟು ಕಹಿ, ಎರಡು ದಿನದ ಹಳಸಲು, ಇಂಥದ್ದನ್ನು ಮುಂದಿಡುವ ಹೋಟೆಲಿಗೆ ಬಾಗಿಲು ಯಾಕೆ ಬೇಕು. ಒಂದೊಂದು ಸಾಲೂ ಅವಳ ಹೊಟ್ಟೆಗೆ ಹಾಲೆರೆದ ಹಾಗೆ ಇಳಿಯಿತು. ಇನ್ನೊಂದು ಸಲ ಓದಿ ಎನ್ನಬೇಕೆನಿಸಿತು. ನಗು ಉಕ್ಕಿ ಬಂದದ್ದನ್ನು ರಿಜಿಸ್ಟರಿನ ಹಿಂದೆ ಮುಚ್ಚಿಕೊಂಡಳು.

“ಯಾರು ಮಾಡಿದ್ದು ಅಂತ ಕೇಳಿದ್ರಾ ಸಾರ್?”

“ಕೇಳದೆ ಬಿಡ್ತೀನಾ? ನಾನು ಯಾರು ಅಂತ ಗೊತ್ತಾದ ತಕ್ಷಣ ಆ ಯಜಮಾನರ ಮುಖ ಬಿಳಿಚಿಕೊಳ್ತು. ಹೆಂಡತಿ ಕಡೆ ನೋಡಿದ್ರು. ಆಮೇಲೆ ‘ಪುಡಿಂಗ್ ನಮ್ಮದಲ್ಲ ಸಾರ್, ನನ್ನ ತಂಗೀದು. ಮೊದಲಿಂದಾನೂ ಅವಳ ಕೈದೇ. ಅವಳು ಮಾಡಿ ಕಳಿಸ್ತಾಳೆ, ನಾವು ಬಡಿಸ್ತೀವಿ ಅಷ್ಟೆ’ ಅಂದ್ರು. ಹೆಂಡತೀನೂ ಹೌದು ಹೌದು ಅಂತ ತಲೆ ಆಡಿಸಿದ್ರು.”

ಮ್ಯಾಪಕ್ಕನ ಕೈಯಿಂದ ರಿಜಿಸ್ಟರು ಜಾರಿ ಮೇಜಿನ ಮೇಲೆ ಬಿತ್ತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ! ಚೆನ್ನಾಗಿದ್ದಾಗ ಹೆಂಡತಿಯದು, ಹಳಸಿದಾಗ ತಂಗಿಯದು. ಒಂಬತ್ತು ವರ್ಷ ಯಾವ ಮಾತಿಗೆ ಕಾದಿದ್ದಳೋ ಆ ಮಾತು ಅಣ್ಣನ ಬಾಯಿಂದ ಬಂದಿತ್ತು. ಬಂದ ಗಳಿಗೆ ಎಂಥದ್ದು ನೋಡಿ! ಅವಳ ಕಿವಿಯೆಲ್ಲ ಕೆಂಡವಾಯಿತು.

“ಆ ತಂಗಿ ಹೆಸರೇನು ಅಂತ ಕೇಳೋದ್ರೊಳಗೆ ಯಾವುದೋ ಫೋನ್ ಅಂತ ಒಳಗೆ ಹೋದವರು ಹೊರಗೆ ಬರಲೇ ಇಲ್ಲ” ಎಂದ ಸಾಹೇಬ. “ಹೆಸರಿಲ್ಲದೆ ನಾನು ಬರೆಯೋ ಹಾಗಿಲ್ಲ. ಹೋಗಲಿ ಬಿಡಿ, ಈ ಹಾಳೆ ಹರಿದು ಹಾಕ್ತೀನಿ.”

ಅವನು ಹಾಳೆಯ ತುದಿ ಹಿಡಿದ.

ಬೆಳಗಿನ ತಿಂಡಿಯಷ್ಟೇ ಬೇಯುವ ಲಾಡ್ಜಿನ ಅಡುಗೆಮನೆಯಲ್ಲಿ ಹಾಲಿತ್ತು, ಮೊಟ್ಟೆ ಬೆಳಿಗ್ಗೆ ತಾನೇ ಬಂದಿತ್ತು. ‘ಆ ತಂಗಿ ನಾನೇ, ಒಂದು ಗಂಟೆ ಕೂತಿರಿ’ ಎಂದರೆ ಮುಗಿದಿತ್ತು. ಒಂದು ತೂತಿಲ್ಲದ ಪುಡಿಂಗನ್ನು ತಟ್ಟೆಗೆ ಬೋರಲು ಹಾಕಿ ಇವನ ಮುಂದಿಟ್ಟರೆ ಅವಳ ಕೈ ಎಂಥದ್ದೆಂದು ಇವನಿಗೆ ಗೊತ್ತಾಗುತ್ತಿತ್ತು. ಒಂಬತ್ತು ವರ್ಷದ ಮೇಲೆ ಒಬ್ಬನಾದರೂ ಅವಳಿಗೇ ಎದುರೆದುರೇ ಭೇಷ್ ಎನ್ನುತ್ತಿದ್ದ. ಆದರೆ ತಂಗಿ ಎಂದ ಕೂಡಲೇ ಅವಳು ನೆಂಟಳು. ನೆಂಟಳು ಕಳಿಸಿದ ಕಡೆ ಬಗ್ಗೆ ಇವನು ಒಂದಕ್ಷರ ಬರೆಯುವವನಲ್ಲ. ಅಣ್ಣನ ಹೋಟೆಲು ಹೆಂಗೋ ನಡೆದುಕೊಂಡು ಹೋಗುತ್ತದೆ, ಅತ್ತಿಗೆ ಗೋಡೆಯ ಮೇಲೆ ನಗುತ್ತಲೇ ಇರುತ್ತಾಳೆ. ತಮ್ಮ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವವರನ್ನು ಕಂಡು ಊರೆಲ್ಲ ನಗುತ್ತದೆ. ನಗಲಿ. ಮೂಗು ಅವಳದು, ಕತ್ತಿಯೂ ಅವಳದು.

“ಹರೀಬೇಡಿ ಸಾರ್” ಎಂದಳು. “ಆ ತಂಗಿ ಹೆಸರು ನನಗೆ ಗೊತ್ತು. ಬರ್ಕೊಳ್ಳಿ.”

ಹೇಳಿದಳು. ತನ್ನ ಹೆಸರು ತನ್ನದೇ ಬಾಯಿಗೆ ಬೇರೆ ಯಾರದೋ ಎಂಬಂತೆ ಕೇಳಿಸಿತು. ಸಾಹೇಬ ಬರೆದುಕೊಂಡು, ಸರಿಯಾಗಿದೆಯೇ ಎಂದು ಒಮ್ಮೆ ಓದಿ ತೋರಿಸಿದ. ಸರಿಯಾಗಿಯೇ ಇತ್ತು. ‘ಹಳಸಲು’ ಎಂಬ ಮಾತಿನ ಪಕ್ಕದಲ್ಲೇ ಕೂತಿತ್ತು.

“ನಿಮಗೆ ಪರಿಚಯವಾ ಅವರು?”

“ಕಂಡಿದ್ದೆ ಸಾರ್. ಒಂದು ಕಾಲಕ್ಕೆ ಈ ಊರಲ್ಲಿ ಅವಳ ಹಾಗೆ ಪುಡಿಂಗ್ ಮಾಡೋರು ಇರಲಿಲ್ಲ.”

ಸಾಹೇಬ ಒಳ್ಳೆಯ ಮನುಷ್ಯ. ಪೆನ್ನು ಎತ್ತಿ ಹಿಡಿದು, “ಪಾಪ, ಆ ಒಂದು ಮಾತನ್ನೂ ಸೇರಿಸಿಬಿಡ್ಲಾ?” ಎಂದು ಕೇಳಿದ.

ಮ್ಯಾಪಕ್ಕ ಆ ಪೆನ್ನಿಗೆ ಕೈ ಅಡ್ಡ ಹಿಡಿದಳು.

“ಬೇಡ ಸಾರ್. ಅದನ್ನ ಓದಿದ್ರೆ, ಒಂದ್ಸಲ ತಿಂದು ನೋಡೋಣ ಅಂತ ಜನ ಅಲ್ಲಿಗೆ ಹೋಗಿಬಿಡ್ತಾರೆ.”