ಮೇಣದ ರಿಬ್ಬನ್ನಿನಲ್ಲಿ ಕೊನೆಯ ಹುಳು

ಒಂದೇ ಹುಳು ಉಳಿದಿತ್ತು. ಎಮ್ಮೆಯ ಹೊಟ್ಟೆಯಿಂದ ತಂದ ಮಿಕ್ಕವೆಲ್ಲ ಸ್ಪಿರಿಟ್ಟಿನಲ್ಲಿ ಸುರುಟಿ ಹಾಳಾಗಿದ್ದವು. ಇದೂ ಹೋದರೆ ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವೇ ಹೋದಂತೆ.

ಚಪ್ಪಟೆಹುಳುಗಳ ಗುಂಪಿಗೆ ಸೇರಿದ್ದರೂ ಈ ಕುಟುಂಬದವು ಚಪ್ಪಟೆಯಲ್ಲ. ಉಬ್ಬಿದ ಕೆಂಪು ಶಂಕುಗಳು. ಮುಂದಿನ ತುದಿಗೆ ಬಾಯಿ, ಹಿಂದೆ ಅಂಟಿ ಹಿಡಿಯಲು ಹೀರುಬಟ್ಟಲು, ಹೊಟ್ಟೆಯ ಬದಿಗೆ ಉದ್ದಕ್ಕೂ ಒಂದು ಚೀಲ. ಅಡ್ಡ ಕೊಯ್ದಾಗ ಚೀಲ ದುಂಡಗಿದ್ದರೆ ಒಂದು ಕುಲ. ತ್ರಿಕೋನವಾಗಿದ್ದು ಅದರ ಒಂದು ಮೂಲೆ ಬೆನ್ನಿನತ್ತ ಇದ್ದರೆ ಇನ್ನೊಂದು, ಹೊಟ್ಟೆಯತ್ತ ಇದ್ದರೆ ಮತ್ತೊಂದು.

"ಕೊಯ್ಯದ ಹೇಳಾಕ ಬರೂದಿಲ್ಲೇನ್ರಿ, ಮೇಡಂ?"

"ಹೊರಗ ನಿಂತು ಒಳಗಿಂದು ಹೇಳಾಕ ನೀ ಏನ್ ಜೋಯಿಸರ ಮಗಳೇನವಾ? ಕೊಯ್ಯಿ," ಎಂದರು ನನ್ನ ಗೈಡ್.

ಕರೆಂಟ್ ಇರಲಿಲ್ಲ. ಕೊಯ್ಯುವ ಯಂತ್ರದ ಚಕ್ರವನ್ನು ಕೈಯಿಂದಲೇ ತಿರುಗಿಸುವುದು. ಮೇಣದೊಳಗೆ ಕೂತ ಹುಳು ತೆಳು ಪದರಗಳಾಗಿ, ಒಂದಕ್ಕೊಂದು ಅಂಟಿದ ರಿಬ್ಬನ್ನಿನಂತೆ ಅಲಗಿನಿಂದ ಇಳಿಯತೊಡಗಿತು. ಉಸಿರು ತಾಗಿದರೂ ಹಾರುವಂಥದ್ದು. ಕಿಟಕಿ ಮುಚ್ಚಿದ್ದೆವು. ನಡುಭಾಗ ಆಗಷ್ಟೇ ಬರುತ್ತಿತ್ತು.

ಆಗ ಕರೆಂಟ್ ಬಂತು. ತಲೆಯ ಮೇಲೆ ಫ್ಯಾನ್ ತಿರುಗಿತು. ರಿಬ್ಬನ್ ಚೂರುಚೂರಾಗಿ ಹಾರಿತು.

"ಲಗೂ ಆರಸವಾ!"

ಫ್ಯಾನ್ ಆರಿಸಿ ತಿರುಗಿದರೆ, ಮೇಡಂ ಸೀರೆಯ ತುಂಬ ಚೂರುಗಳು. ಅವರು ಸೆರಗು ಕೊಡವಲು ಕೈಯೆತ್ತಿದ್ದರು.

"ಅಲುಗಾಡಬ್ಯಾಡ್ರಿ!"

ನಾನು ಅವರ ಮೇಲೆ ಹಾಗೆ ಕೂಗಿದ್ದು ಅದೊಂದೇ ಸಲ ಎಂದು ನಂಬಿದ್ದೇನೆ. ಅವರು ಕೈಯೆತ್ತಿಕೊಂಡೇ ನಿಂತರು. ನಾನು ಒದ್ದೆ ಕುಂಚದಿಂದ ನೆರಿಗೆಗಳಲ್ಲಿನ ಒಂದೊಂದೇ ಚೂರನ್ನು ಎತ್ತತೊಡಗಿದೆ.

"ಹೇನು ಹೆಕ್ಕಿದಂಗ ಹೆಕ್ಕಾಕತ್ತಿಯಲ್ಲ," ತುಟಿ ಅಲುಗಿಸದೆ ಪಿಸುಗುಟ್ಟಿದರು. "ಸ್ವಿಚ್ ನೀ ಆರಿಸಿದ್ದಿಲ್ಲೇನ?"

"ನೀವ ಆರಿಸೀರಿ ಅಂದ್ಕೊಂಡಿದ್ದೆ ರೀ."

ಖರೇ ಹಾಗೆ ಅಂದುಕೊಂಡಿದ್ದೆನೋ, ಆ ಕ್ಷಣಕ್ಕೆ ಹೊಳೆಯಿತೋ, ಇವತ್ತಿಗೂ ತಿಳಿಯದು.

ಮರುದಿನ ಚೂರುಗಳನ್ನು ಗಾಜಿನ ಸ್ಲೈಡಿಗೆ ಅಂಟಿಸಿ ಕೆಂಪು ಬಣ್ಣ ಹಾಕಿದೆವು. ಕೆಲವು ಮಡಚಿಕೊಂಡಿದ್ದವು, ಕೆಲವು ಬರೀ ಮೇಣ. ಕೊನೆಗೊಂದರಲ್ಲಿ ಚೀಲ ಇಡಿಯಾಗಿ ಕಂಡಿತು: ತ್ರಿಕೋನ, ಮೂಲೆ ಬೆನ್ನಿನತ್ತ, ಅದೇ ಕುಲದ ಇನ್ನೊಂದು ಗುರುತಾಗಿ ಎಡಕ್ಕೂ ಬಲಕ್ಕೂ ಒಂದೊಂದು ವೃಷಣ. ಪಕ್ಕದಲ್ಲಿ ಸೀರೆಯ ಎಳೆಯೊಂದು ಅಂಟಿತ್ತು.

"ಅಧ್ಯಾಯ ಉಳೀತು," ಎಂದರು ಮೇಡಂ. "ನನ್ನ ಸೀರೀನೂ ಅದರಾಗ ಸೇರಿತು."

ಈ ಪ್ರಸಂಗ ಹೇಳುವಾಗೆಲ್ಲ ಆ ಸೀರೆ ಹಸಿರು ಎಂದೇ ಹೇಳುತ್ತ ಬಂದಿದ್ದೆ. ಇವತ್ತು ಸ್ಲೈಡ್ ಮತ್ತೆ ನೋಡಿದೆ. ಎಳೆ ಕೆಂಪಗಿದೆ. ಸೀರೆಯ ಬಣ್ಣವೋ, ನಾವು ಹಾಕಿದ ಬಣ್ಣವೋ, ಹೇಳಲಾರೆ. ಚೀಲದ ಮೂಲೆ ಮಾತ್ರ ಬೆನ್ನಿನತ್ತಲೇ ಇದೆ.