ಪಂಚಮಿಯ ದಿನ ಅಳಿಸಿಹೋದ ಗುರುತುಗಳು

ನನ್ನ ಅಳತೆ ಟೇಪಿಗೆ ಸಿಗದ ಯಾವುದನ್ನೂ ನಾನು ನಂಬಿದವನಲ್ಲ. ಸರ್ವೇಯರ್ ಆಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನ ಹೊಲ ತುಳಿದಿದ್ದೇನೆ. ಹಿಟ್ನಾಳದ ಕಡೆ ಒಮ್ಮೆ ಗಡಿಕಲ್ಲು ತಾನಾಗಿಯೇ ಸರಿಯಿತೆಂದು ಇಬ್ಬರು ಅಣ್ಣತಮ್ಮಂದಿರು ಆಣೆ ಮಾಡಿ ಹೇಳಿದರು. ಹೋಗಿ ನೋಡಿದೆ. ಕಲ್ಲು ಸರಿದದ್ದು ನಿಜ, ಅದರ ಬುಡದಲ್ಲಿ ಹಾರೆಯ ಗುರುತು ಇದ್ದದ್ದೂ ನಿಜ. ಆನೆಗೊಂದಿಯ ಬಂಡೆಗಳ ನಡುವೆ ಯಾರೋ ಕರೆದಂತಾಯಿತು ಎನ್ನುವವರನ್ನೂ ನಾನು ಮುಖದ ಮೇಲೆಯೇ ನಕ್ಕು ಕಳಿಸಿದವನು. ಆದ್ದರಿಂದ ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನ ಹೆಂಡತಿ ಗಿರಿಜಾಳಿಗೆ ಕಿಡ್ನಿಯ ಕ್ಯಾನ್ಸರ್. ಒಂದು ಕಿಡ್ನಿ ತೆಗೆಸಿ ವರ್ಷವಾಗಿತ್ತು. ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ ಬೆನ್ನು ನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯಲ್ಲಿ ಒಂದು ಗಡ್ಡೆ, ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಹುಬ್ಬಳ್ಳಿಯ ಆಸ್ಪತ್ರೆಯ ಡಾಕ್ಟರಮ್ಮ ನಮ್ಮನ್ನು ಹೆದರಿಸಲಿಲ್ಲ, ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಮೂರು ಚಿಕಿತ್ಸೆಗಳನ್ನು ಕೂಡಿಸಿ ಕೊಡುತ್ತೇವೆ ಎಂದರು. ನನಗೆ ಅರ್ಥವಾಗಲಿ ಎಂದು ನಮ್ಮ ಮಾತಿನಲ್ಲೇ ವಿವರಿಸಿದರು.

"ಗುಳಿಗಿ ಗಡ್ಡಿಗೆ ಹೋಗೋ ರಕ್ತಾ ಬಂದ್ ಮಾಡ್ತೈತ್ರಿ. ಡ್ರಿಪ್ಪು ನಿಮ್ಮವರ ಮೈಯಾಗಿನ ಕಾವಲುಗಾರರನ್ನ ಎಬ್ಬಿಸತೈತಿ. ಬೆನ್ನಿಗೆ ಕರೆಂಟ್ ಕೊಟ್ರ ಗಡ್ಡಿ ಒಡೀತೈತಿ. ಒಡದಾಗ ಎದ್ದ ಕಾವಲುಗಾರರಿಗೆ ಕಳ್ಳನ ಮುಖಾ ಗುರ್ತು ಸಿಗತೈತಿ. ಅದಕ್ಕ ಮೂರೂ ಕೂಡಿಸಿ ಕೊಡೋದು."

ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟ್ ಎಂದೇ ಹೆಸರು. ಗುಳಿಗೆ, ಡ್ರಿಪ್ಪು ಮೊದಲು ಶುರುವಾದವು. ಆಮೇಲೆ ಹತ್ತು ದಿನ ಕರೆಂಟ್ ಎಂದು ಗೊತ್ತಾಯಿತು. ಆ ಹತ್ತು ದಿನ ಮುಗಿಯುವವರೆಗೆ ಗುಳಿಗೆ ನಿಲ್ಲಿಸಬೇಕು, ಮುಗಿದ ಮೇಲೆ ಮತ್ತೆ ಶುರು. ಅಂದರೆ ಕರೆಂಟ್ ಎಷ್ಟು ದಿನ ತಡವಾಗುತ್ತದೋ ಅಷ್ಟು ದಿನ ಆಕೆ ಗುಳಿಗೆಯಿಲ್ಲದೆ ಇರಬೇಕು. ಬೆನ್ನಿನ ಗಡ್ಡೆ ಇನ್ನಷ್ಟು ಬೆಳೆದು ನರವನ್ನು ಒತ್ತಿದರೆ ಕಾಲುಗಳು ಹೋಗಬಹುದು ಎಂಬುದನ್ನೂ ಡಾಕ್ಟರಮ್ಮ ಮುಚ್ಚಿಡಲಿಲ್ಲ. ಆ ಮಾತು ಕೇಳಿದ ದಿನದಿಂದ ಗಿರಿಜಾ ಎದ್ದು ನಡೆದಾಗಲೆಲ್ಲ ನನ್ನ ಕಣ್ಣು ಆಕೆಯ ಪಾದದ ಮೇಲೆಯೇ ಇರುತ್ತಿತ್ತು.

ಯಂತ್ರದ ಕಿರಣ ದಿನವೂ ಒಂದೇ ಜಾಗಕ್ಕೆ ಬೀಳಲೆಂದು ಆಕೆಯ ಹೊಟ್ಟೆಯ ನಡುವೆ ಒಂದು, ಎರಡೂ ಪಕ್ಕೆಗಳಲ್ಲಿ ಒಂದೊಂದು, ಹೀಗೆ ಮೂರು ಕಡೆ ನೇರಳೆ ಪೆನ್ನಿನಿಂದ ಕೂಡಿಸುವ ಚಿಹ್ನೆಯಂಥ ಗುರುತು ಹಾಕಿದ್ದರು. ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದರು. ಇದು ಅಳಿಸಬಾರದು, ಅಳಿಸಿದರೆ ನೀವು ಮನೆಯಲ್ಲಿ ಮತ್ತೆ ಬರೆಯಬಾರದು ಎಂದು ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್ ಹತ್ತು ಸಲ ಹೇಳಿದ್ದ. ನನಗೆ ಇದು ನಮ್ಮ ಕಸುಬೇ ಅನ್ನಿಸಿತು. ಹೊಲದಲ್ಲಿ ಸರಿಯದ ಕಲ್ಲೊಂದನ್ನು ಹಿಡಿದು ಅಲ್ಲಿಂದಲೇ ಎಲ್ಲವನ್ನೂ ಅಳೆಯುತ್ತೇವೆ. ಆ ಸಂಜೆ ಹುಬ್ಬಳ್ಳಿಯಲ್ಲಿ ನಾವು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಅಳತೆ ಟೇಪು ಹಿಡಿದು ಹೊಕ್ಕುಳಿನಿಂದ ಎಷ್ಟು, ಸೊಂಟದ ಮೂಳೆಯಿಂದ ಎಷ್ಟು ಎಂದು ಅಳೆದು ಪುಸ್ತಕದಲ್ಲಿ ನಕ್ಷೆ ಬರೆದುಕೊಂಡೆ. ಗಿರಿಜಾ ನೋವಿನಲ್ಲೂ ನಕ್ಕಳು. "ನನ್ನ ಹೊಟ್ಟಿಗೂ ಸರ್ವೆ ನಂಬರ್ ಕೊಟ್ಟಬಿಡ್ರಿ," ಎಂದಳು.

ಐದು ದಿನದ ಕರೆಂಟ್ ಮುಗಿಸಿ ಶನಿವಾರ ಕೊಪ್ಪಳಕ್ಕೆ ಬಂದೆವು. ಭಾನುವಾರ ನಾಗರ ಪಂಚಮಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಗಿರಿಜಾ ಹೋಗುವ ಹಾಗಿರಲಿಲ್ಲ. ಹಾಗಾಗಿ ಆಕೆಯ ಅಕ್ಕ ನೀಲವ್ವ, ತವರನ್ನೇ ತಂಗಿಯ ಹತ್ತಿರ ತರುತ್ತೇನೆಂದು ಇರಕಲ್ಲಗಡದಿಂದ ಶೇಂಗಾ, ಎಳ್ಳು, ಬೆಲ್ಲ ಕಟ್ಟಿಕೊಂಡು ಬಂದರು. ಭಾನುವಾರ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ನೀಲವ್ವ ತಂಗಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಕಡಲೆ ಹಿಟ್ಟಿನಿಂದ ಮೈ ತಿಕ್ಕಿ ಎರೆದಿದ್ದರು. ಎಣ್ಣೆಗೆ ಅಂಟಿಸಿದ್ದ ಟೇಪು ಎದ್ದು ಬಂದಿತ್ತು. ಹಿಟ್ಟಿಗೆ ಗುರುತು ಹೋಗಿತ್ತು.

"ಹಬ್ಬದ ದಿನಾ ಮೈಮ್ಯಾಲೆ ಮಸಿ ಇಟಗೋಬಾರದಂತ ಛಲೋ ತಿಕ್ಕಿದೆನ್ರಿ," ಎಂದರು ನೀಲವ್ವ. ಪಾಪ, ಯಾರೂ ಅವರಿಗೆ ಹೇಳಿರಲಿಲ್ಲ. ತಿಂಗಳುಗಳ ನಂತರ ಮೊದಲ ಸಲ ನೋವು ಇಳಿದಿದ್ದ ಗಿರಿಜಾ ಬಿಸಿನೀರಿನ ಸುಖಕ್ಕೆ ಕಣ್ಣುಮುಚ್ಚಿ ಕೂತುಬಿಟ್ಟಿದ್ದಳು. ಹೇಳಬೇಕಾದವನು ನಾನು. ತಪ್ಪು ನನ್ನದೇ.

ಟೆಕ್ನಿಷಿಯನ್ನಿಗೆ ಫೋನ್ ಮಾಡಿದೆ. ಆತ, "ಮತ್ತ ಸ್ಕ್ಯಾನ್ ಮಾಡಬೇಕಾಗತೈತ್ರಿ, ಕರೆಂಟ್ ಎಲ್ಲಿ ಬೀಳಬೇಕಂತ ಹೊಸಾ ಪ್ಲಾನ್ ಹಾಕಬೇಕು. ಮೂರ್ನಾಲ್ಕು ದಿನ ಹಿಡೀತೈತಿ. ನೀವಂತೂ ಏನೂ ಬರೀಬ್ಯಾಡ್ರಿ," ಎಂದ. ಗುಳಿಗೆಯಿಲ್ಲದೆ ಇನ್ನೂ ನಾಲ್ಕು ದಿನ! ಪುಸ್ತಕ ತೆಗೆದೆ. ಅಳತೆಗಳೆಲ್ಲ ಇದ್ದವು. ಇಪ್ಪತ್ತೆಂಟು ವರ್ಷ ಅಳೆದವನಿಗೆ ಮೂರು ಗುರುತು ಹಾಕುವುದು ಎಷ್ಟರ ಕೆಲಸ? ಆತನ ಮಾತನ್ನು ಬದಿಗಿಟ್ಟು, ಗಿರಿಜಾ ಮಲಗಿ ಎದ್ದ ಮೇಲೆ ನಾನೇ ಬರೆಯುವುದೆಂದು ಗಟ್ಟಿ ಮಾಡಿ ಪೆನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಊಟವಾದ ಮೇಲೆ ಆಕೆ ಒಳಗಿನ ಕೋಣೆಯಲ್ಲಿ ಮಲಗಿದಳು. ಆ ಕೋಣೆಗೆ ಇರುವುದು ಒಂದೇ ಬಾಗಿಲು. ಕಿಟಕಿಗೆ ಸರಳು, ಸೊಳ್ಳೆ ಪರದೆ. ನಾನು ಬಾಗಿಲಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ನೀಲವ್ವ ನನ್ನ ಮುಂದೆಯೇ ನೆಲದ ಮೇಲೆ ಕೂತು ಬೆಲ್ಲದ ಪಾಕ ಮೆತ್ತಿದ ಎರಡೂ ಕೈಯಿಂದ ಹಬ್ಬದ ಶೇಂಗಾ ಉಂಡಿ ಕಟ್ಟುತ್ತಿದ್ದರು. ನಾನು ನಿದ್ದೆ ಮಾಡಲಿಲ್ಲ. ಮಾಡುವ ಸ್ಥಿತಿಯೂ ಇರಲಿಲ್ಲ. ಮಟಮಟ ಮಧ್ಯಾಹ್ನ, ಹೊರಗೆ ಓಣಿಯ ಹುಡುಗಿಯರು ಜೋಕಾಲಿ ಆಡುವ ಗದ್ದಲ. ಒಳಗೆ ಯಾರೂ ಹೋಗಲಿಲ್ಲ, ಯಾರೂ ಹೊರಗೆ ಬರಲಿಲ್ಲ.

ನಾಲ್ಕು ಗಂಟೆಗೆ ಆಕೆ ಎದ್ದ ಸಪ್ಪಳವಾಯಿತು. ಪೆನ್ನು, ಟೇಪು, ಪುಸ್ತಕ ಹಿಡಿದು ಒಳಗೆ ಹೋದೆ. ಸೀರೆ ಸರಿಸಿದರೆ ಮೂರೂ ಜಾಗದಲ್ಲಿ ಗುರುತುಗಳಿದ್ದವು. ಆಸ್ಪತ್ರೆಯ ದಪ್ಪ ನೇರಳೆ ಗೆರೆಗಳಲ್ಲ. ಕಡುನೀಲಿ, ತೆಳು, ನೇರ.

ನಾನು ಮೊದಲು ಮಾಡಿದ್ದು ನೀಲವ್ವನ ಮೇಲೆ ರೇಗಿದ್ದು. ಅವರು ಬೆಲ್ಲ ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದರು. ನನಗೆ ನಾಚಿಕೆಯಾಯಿತು. ಗಿರಿಜಾಳನ್ನು ಕೇಳಿದೆ. ಆಕೆ ಹೇಳಿದ್ದು ಇಷ್ಟು: "ನಿದ್ದಿಗಣ್ಣಾಗ ಆಸ್ಪತ್ರಿಯೊಳಗ ಅದೀನಿ ಅನ್ನಿಸ್ತು. ಯಾರೋ ತಣ್ಣನ್ನ ಬೆರಳು ಹಚ್ಚಿ, ಅಳ್ಳಾಡಬ್ಯಾಡ್ರಿ ಅಂದ್ರು. ದಿನಾ ಅಂತಾರಲ್ಲ, ಹಂಗ. ನಾನು ಸುಮ್ಮನ ಮಲಗಿದೆ."

ಟೇಪು ಹಿಡಿದು ಅಳೆದೆ. ಪುಸ್ತಕದ ಅಳತೆಗೆ ಕೂಡಲಿಲ್ಲ. ಮೂರೂ ಗುರುತುಗಳು ಕಾಲಿನ ಕಡೆಗೆ ನಾಲ್ಕು ಮಿಲಿಮೀಟರ್ ಕೆಳಗಿದ್ದವು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ಯಾರು ಬರೆದರೋ ತಪ್ಪಾಗಿ ಬರೆದಿದ್ದಾರೆ ಎಂದು ಒದ್ದೆ ಬಟ್ಟೆ ತಂದೆ. ಒರೆಸಿ ನನ್ನ ಗುರುತು ಹಾಕುವವನಿದ್ದೆ. ಗಿರಿಜಾ ನನ್ನ ಮಣಿಕಟ್ಟು ಹಿಡಿದಳು. "ಇರಲಿ ಬಿಡ್ರಿ. ನೀವು ಬರದ್ರೂ ಸ್ಕ್ಯಾನ್ ತಪ್ಪೂದಿಲ್ಲ, ಇವು ಇದ್ರೂ ತಪ್ಪೂದಿಲ್ಲ," ಎಂದಳು. ಬಟ್ಟೆ ಕೆಳಗಿಟ್ಟೆ.

ಸೋಮವಾರ ಟೆಕ್ನಿಷಿಯನ್ ಆ ಗೆರೆಗಳನ್ನು ನೋಡಿ ಸಿಟ್ಟಾದ. ನಾನೇ ಬರೆದೆ ಎಂದುಕೊಂಡ. ಆದರೂ ಆಕೆಯನ್ನು ಯಂತ್ರದ ಮೇಜಿನ ಮೇಲೆ ಮಲಗಿಸಿ, ಆ ಗುರುತಿಗೇ ಬೆಳಕಿನ ಗೆರೆ ಹೊಂದಿಸಿ, ಎಷ್ಟು ತಪ್ಪಿದೆ ನೋಡೋಣವೆಂದು ಯಂತ್ರದಲ್ಲೇ ಚಿತ್ರ ತೆಗೆದ. ಹೊರಗೆ ಬಂದಾಗ ಆತನ ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರಮ್ಮನನ್ನು ಕರೆಸಿದ. ಇಬ್ಬರೂ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಆತ ನನಗೆ ಹೇಳಿದ: ಹಿಂದಿನ ಐದೂ ದಿನ ತಮ್ಮದೇ ಗುರುತಿಗೆ ಹೊಂದಿಸಿದ ಮೇಲೆ ಮೇಜನ್ನು ತಲೆಯ ಕಡೆಗೆ ನಾಲ್ಕು ಮಿಲಿಮೀಟರ್ ಸರಿಸಬೇಕಾಗುತ್ತಿತ್ತು. ಇಂಥ ಸಣ್ಣ ವ್ಯತ್ಯಾಸ ಸಾಮಾನ್ಯ, ದಿನವೂ ಚಿತ್ರ ನೋಡಿ ಸರಿಪಡಿಸುವುದು ಕ್ರಮ, ರೋಗಿಗಳಿಗೆ ಹೇಳುವುದಿಲ್ಲ. ಹಾಗೆ ಸರಿಸಿದ ಮೇಲೆ ಬೆಳಕಿನ ಗೆರೆ ಹಳೆಯ ಗುರುತಿಗಿಂತ ಅಷ್ಟೇ ಕೆಳಗೆ, ಈಗ ಹೊಸ ಗುರುತು ಇರುವ ಜಾಗಕ್ಕೇ ಬೀಳುತ್ತಿತ್ತು. ಇವತ್ತು ಸರಿಸುವುದು ಸೊನ್ನೆ.

"ಇದು ಗೊತ್ತಿದ್ದದ್ದು ನಮ್ಮ ಕಂಪ್ಯೂಟರಿಗೆ ಮತ್ತ ನನಗ ಅಷ್ಟ್ರಿ. ಯಾರು ಬರದ್ರು?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಆತ ನಂಬಲಿಲ್ಲ. ಹಳೆಯ ಪ್ಲಾನೇ ಸರಿಹೋಗುತ್ತದೆಂದು ಡಾಕ್ಟರಮ್ಮ ಖಾತ್ರಿ ಮಾಡಿಕೊಂಡರು, ಅಂದೇ ಆರನೆಯ ಕರೆಂಟ್ ಆಯಿತು. ಹತ್ತೂ ದಿನ ಸಮಯಕ್ಕೆ ಸರಿಯಾಗಿ ಮುಗಿದವು. ಗುಳಿಗೆ ಮತ್ತೆ ಶುರುವಾಯಿತು, ಡ್ರಿಪ್ಪೂ ತಪ್ಪಲಿಲ್ಲ.

ಇದು ನಡೆದು ಮೂರನೆಯ ವರ್ಷ. ಗಿರಿಜಾಳ ಬೆನ್ನಿನ ಗಡ್ಡೆ ಸುಮ್ಮನಾಗಿದೆ. ಕರೆಂಟ್ ತಾಗದ ಶ್ವಾಸಕೋಶದ ಚುಕ್ಕೆಗಳೂ ಕುಗ್ಗಿವೆ. ಒಂದೆರಡು ಕಾಣುವುದೇ ಇಲ್ಲ. ಡಾಕ್ಟರಮ್ಮ ವಾಸಿಯಾಯಿತು ಎಂಬ ಮಾತು ಆಡುವುದಿಲ್ಲ, ಹತೋಟಿಯಲ್ಲಿದೆ ಎನ್ನುತ್ತಾರೆ. ನನಗೆ ಅಷ್ಟು ಸಾಕು. ಆಕೆ ಉಳಿದದ್ದು ಔಷಧದಿಂದ, ಯಂತ್ರದಿಂದ, ಅದನ್ನು ನಡೆಸುವವರಿಂದ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಬೇರೆ ಯಾರಾದರೂ ಪವಾಡ ಎಂದರೆ ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಆ ನಾಲ್ಕು ದಿನ ತಡವಾಗಿದ್ದರೆ ಏನಾಗುತ್ತಿತ್ತೋ, ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆ ಮೂರು ಗೆರೆಗಳ ವಿಷಯಕ್ಕೆ ಬಂದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ನನ್ನ ಕಣ್ಣೆದುರಿನ ಬಾಗಿಲು ದಾಟದೆ ಒಳಗೆ ಹೋದವರು ಯಾರು, ನನ್ನ ಪುಸ್ತಕಕ್ಕೂ ಗೊತ್ತಿರದ ತಪ್ಪನ್ನು ತಿದ್ದಿದವರು ಯಾರು, ನನಗೆ ತಿಳಿದಿಲ್ಲ.

ಎಲ್ಲಾದರೂ ಸಿಕ್ಕರೆ ಮೊದಲು ಅವರಿಗೆ ಕೈ ಮುಗಿಯುತ್ತೇನೆ. ನೀವು ಯಾರು ಎಂದು ಕೇಳುವುದಿಲ್ಲ. ಯಾವ ಕಲ್ಲಿನಿಂದ ಅಳೆದಿರಿ ಎಂದಷ್ಟೇ ಕೇಳುತ್ತೇನೆ.